ಕದದ ಮೇಲಿನ ಕರಿಯ ಗುರುತು

ಇಂಗ್ಲೆಂಡಿನ ಪೂರ್ವಭಾಗದ ಸಫೋಕ್ ಪ್ರಾಂತದಲ್ಲಿ ಬ್ಲೈಥ್‌ಬರ್ಗ್ ಎಂಬ ಚಿಕ್ಕ ಗ್ರಾಮವಿದೆ. ಊರು ಕಿರಿದಾದರೂ ಅದರ ಚರ್ಚು ಹಿರಿದು. ನದೀಮುಖದ ಜೌಗುನೆಲದ ಮೇಲೆ ದೂರದಿಂದಲೇ ಎದ್ದು ಕಾಣುವ ಹದಿನೈದನೆಯ ಶತಮಾನದ ಆ ಕಟ್ಟಡವನ್ನು ಅಲ್ಲಿಯವರು 'ಜೌಗುನೆಲದ ಕೆಥೆಡ್ರಲ್' ಎಂದು ಕರೆಯುತ್ತಾರೆ. ಮಗಳ ಮನೆಗೆಂದು ಹೋದಾಗ ಅದನ್ನು ಕಾಣುವ ಅವಕಾಶ ನನಗೊದಗಿತು.

ಉತ್ತರದ ಬಾಗಿಲ ಕದದ ಮೇಲೆ ಸುಟ್ಟ ಗುರುತುಗಳಿವೆ. 1577ರ ಆಗಸ್ಟ್ 4ರ ಭಾನುವಾರ, ಪ್ರಾರ್ಥನೆಯ ವೇಳೆ, ಸಿಡಿಲು ಮಳೆಗಳ ನಡುವೆ ಕರಿಯ ನಾಯಿಯೊಂದು ಒಳನುಗ್ಗಿ ಜನರನ್ನು ಕೊಂದು ಹೋಯಿತಂತೆ. ಈ ಗುರುತುಗಳು ಅದರ ಉಗುರಿನವು ಎಂಬುದು ಐತಿಹ್ಯ. ಅಂದು ಬಿರುಗಾಳಿ ಬೀಸಿದ್ದೂ ಜೀವಹಾನಿಯಾದದ್ದೂ ದಿಟ. ನಾಯಿಯ ಸಂಗತಿಯನ್ನು ಅದೇ ವರ್ಷ ಏಬ್ರಹಾಂ ಫ್ಲೆಮಿಂಗ್ ಎಂಬವನು ಕಿರುಹೊತ್ತಗೆಯಾಗಿ ಅಚ್ಚುಹಾಕಿಸಿದನು. ಸಿಡಿಲಿಗೆ ನಾಯಿಯ ರೂಪ ಕೊಟ್ಟ ಜನಮನದ ಭಯವನ್ನು ನಾನು ಬಲ್ಲೆ. ಅದರಲ್ಲಿ ಯಾರ ಮೇಲೂ ದೋಷಾರೋಪವಿಲ್ಲ.

ನನ್ನನ್ನು ಕಾಡಿದ್ದು ಎರಡನೆಯ ಕಥೆ. ಮಾಡಿನ ತೊಲೆಗಳಲ್ಲಿ ರೆಕ್ಕೆ ಬಿಚ್ಚಿದ ಮರದ ದೇವದೂತರಿದ್ದಾರೆ. 1644ರಲ್ಲಿ ವಿಗ್ರಹಭಂಜಕ ವಿಲಿಯಂ ಡೌಸಿಂಗ್ ಇಲ್ಲಿಗೆ ಬಂದನು. ಇಪ್ಪತ್ತು ದೇವದೂತರನ್ನು ಇಳಿಸಬೇಕೆಂದು ತನ್ನ ದಿನಚರಿಯಲ್ಲಿ ಬರೆದುಕೊಂಡನು. ಅವರ ಮೈಯಲ್ಲಿನ ಗುಂಡಿನ ಗಾಯಗಳು ಅವನ ಸೈನಿಕರವು ಎಂದು ಊರು ಬಹುಕಾಲ ನಂಬಿತ್ತು. ಆದರೆ ಹದಿನೆಂಟನೆಯ ಶತಮಾನದಲ್ಲಿ, ಒಳಗೆ ಸೇರಿಕೊಂಡ ಜಾಕ್‌ಡಾ ಹಕ್ಕಿಗಳನ್ನು ಕೊಲ್ಲಲು ಮದ್ದುಗುಂಡಿಗೆ ಹಣ ತೆತ್ತ ಬಾಬತ್ತು ಚರ್ಚಿನ ಲೆಕ್ಕಪುಸ್ತಕದಲ್ಲಿಯೇ ದೊರೆಯಿತು. ಗುಂಡು ಹೊಡೆಸಿದವರು ಊರವರೇ! ಡೌಸಿಂಗ್ ನಿರಪರಾಧಿಯಲ್ಲ, ಆದರೆ ಈ ಅಪರಾಧ ಅವನದಲ್ಲ.

ಆ ಮಾಡಿನ ಕೆಳಗೆ ಕತ್ತೆತ್ತಿ ನಿಂತಾಗ ನನ್ನದೇ ಹಳೆಯ ಬರಹವೊಂದು ನೆನಪಾಯಿತು. ತರುಣ ಸಂಶೋಧಕನಾಗಿದ್ದಾಗ ನಮ್ಮೂರ ಗುಡಿಯ ಬಗೆಗೆ ಲೇಖನ ಬರೆದಿದ್ದೆ. ದ್ವಾರಪಾಲಕನ ಮುರಿದ ಕೈಯನ್ನು ಕುರಿತು, 'ಶತ್ರುಸೇನೆಯ ಹಾವಳಿಗೆ ತುತ್ತಾದುದು' ಎಂದಿದ್ದೆ. ಜೀರ್ಣೋದ್ಧಾರದ ಕಾಲದಲ್ಲಿ ಶಿಲೆಯನ್ನು ಸರಿಸುವಾಗ ಹಗ್ಗ ಹರಿದು ಬಿದ್ದುದನ್ನು ಕಣ್ಣಾರೆ ಕಂಡ ಅಜ್ಜ ನನಗೆ ಹೇಳಿದ್ದರು. ಅದು ಲೇಖನಕ್ಕೆ ಶೋಭೆ ತಾರದೆಂದು ಕೈಬಿಟ್ಟೆ. ಇಂದು ಗುಡಿಯ ಮುಂದಿನ ಫಲಕದಲ್ಲಿ ನನ್ನ ವಾಕ್ಯವಿದೆ. ಊರ ಮಕ್ಕಳು ಅದನ್ನು ಓದಿ ಕಾಣದ ವೈರಿಯೊಬ್ಬನನ್ನು ದ್ವೇಷಿಸಲು ಕಲಿಯುತ್ತಾರೆ.

ಐತಿಹ್ಯಗಳನ್ನು ಸುಳ್ಳೆಂದು ಜರೆಯಬೇಕಾಗಿಲ್ಲ. ಬ್ಲೈಥ್‌ಬರ್ಗಿನವರು ನಾಯಿಯ ಕಥೆಯನ್ನು ಇಂದಿಗೂ ಪ್ರೀತಿಯಿಂದ ಹೇಳುತ್ತಾರೆ. ಹಕ್ಕಿಗಳ ಲೆಕ್ಕವನ್ನೂ ಮುಚ್ಚಿಡುವುದಿಲ್ಲ. ಜನಪದರು ಕಟ್ಟಿದ ಕಥೆಗೂ ವಿದ್ವಾಂಸನು ತಿಳಿದೂ ಬಿಟ್ಟ ಸಂಗತಿಗೂ ಅಂತರವಿದೆ. ಮೊದಲನೆಯದು ಕಲ್ಪನೆ, ಎರಡನೆಯದು ಅಪಚಾರ. ಫಲಕವನ್ನು ತಿದ್ದಿಸಬೇಕೆಂದು ಊರಿಗೆ ಪತ್ರ ಬರೆದಿದ್ದೇನೆ. ಅಜ್ಜನ ಮಾತನ್ನು ಇಲ್ಲಿಯಾದರೂ ದಾಖಲಿಸಿದ್ದೇನೆಂಬುದೇ ಸದ್ಯದ ಸಮಾಧಾನ.