ತಂಬೂರಿಯೋ, ಶ್ರುತಿ ಪೆಟ್ಟಿಗೆಯೋ?

ಮಕ್ಕಳು ದೊಡ್ಡವರಾದ ಮೇಲೆ ಸಂಗೀತ ಮತ್ತೆ ಶುರು ಮಾಡುವ ಆಸೆ ನಿಮಗೂ ಇದೆಯೇ? ಹಾಗಾದರೆ ಶ್ರುತಿಗೆ ಏನು ಇಟ್ಟುಕೊಳ್ಳುವುದೆಂಬ ಪ್ರಶ್ನೆ ಮೊದಲು ಬರುತ್ತದೆ.

ನಮ್ಮ ಮನೆಯಲ್ಲಿ ಎರಡೂ ಇವೆ. ಎಲೆಕ್ಟ್ರಾನಿಕ್ ಪೆಟ್ಟಿಗೆಯ ಗುಂಡಿ ತಿರುಗಿಸಿದರೆ ಸಾಕು, ಬೇಳೆ ಬೇಯುವಷ್ಟರಲ್ಲಿ ಸರಳೆ, ಜಂಟಿ ಎರಡೂ ಮುಗಿದಾವು. ಮಳೆಗಾಲದಲ್ಲೂ ಶ್ರುತಿ ಕದಲದು. ದಿನಕ್ಕೆ ಅರ್ಧ ಗಂಟೆ ಬಿಡುವಿರುವ ನಮ್ಮಂಥವರಿಗೆ ಇದೇನು ಸಣ್ಣ ಉಪಕಾರವೇ?

ಅಮ್ಮ ಬಿಟ್ಟುಹೋದ ಹಲಸಿನ ಮರದ ತಂಬೂರಿ ಹಾಗಲ್ಲ. ಪಂಚಮ, ಎರಡು ಸಾರಣಿ, ಮಂದ್ರ ಷಡ್ಜ, ಹೀಗೆ ನಾಲ್ಕು ತಂತಿ. ಬಿರಡೆ ತಿರುಗಿಸಿ, ಮಣಿ ಸರಿಸಿ, ಕುದುರೆಯ ಮೇಲೆ ತಂತಿಯಡಿಯ ನೂಲನ್ನು ಕೂದಲೆಳೆಯಷ್ಟು ಜರುಗಿಸಿದರೇನೇ ಝೇಂಕಾರ. ಹತ್ತು ನಿಮಿಷ ಅದಕ್ಕೇ ಹೋಯಿತೆನ್ನಿ! “ಸುಮ್ಮನೆ ಜಾಗ ತಿನ್ನುತ್ತೆ, ಕೊಟ್ಟುಬಿಡು” ಅಂದರು ನಮ್ಮ ಯಜಮಾನರು. ನಾನು ಒಪ್ಪಲಿಲ್ಲ. ಚೆನ್ನಾಗಿ ಮೇಳೈಸಿದ ತಂಬೂರಿಯಲ್ಲಿ, ಯಾರೂ ಮೀಟದ ಅಂತರ ಗಾಂಧಾರ ಮಂದ್ರ ತಂತಿಯಿಂದ ತಾನಾಗಿ ಕೇಳಿಬರುತ್ತದೆ. ಅದನ್ನು ಹುಡುಕುತ್ತಲೇ ಕಿವಿ ಪಳಗುವುದು. ಅಮ್ಮ ನನಗೆ ಕಲಿಸಿದ್ದೂ ಹಾಗೆಯೇ.

ಹೊಸದಾಗಿ ಕೊಳ್ಳುವವರು ಪೆಟ್ಟಿಗೆಯನ್ನೇ ಕೊಳ್ಳಿ. ಅಭ್ಯಾಸ ದಿನವೂ ತಪ್ಪದಿರುವುದು ಮುಖ್ಯ. ಆದರೆ ಅಟ್ಟದ ಮೇಲೆ ಹಳೆಯ ತಂಬೂರಿ ಇದ್ದರೆ ಮಾರಬೇಡಿ, ತಾಯಂದಿರೇ. ತಂತಿ ಬದಲಿಸಿ, ವಾರಕ್ಕೊಮ್ಮೆಯಾದರೂ ಮಡಿಲಿಗೆ ತೆಗೆದುಕೊಳ್ಳಿ.