ಇಲ್ಲ ಅಂತ ಬರ್ಕೊ

ಶಿವಮೊಗ್ಗದ ದುರ್ಗಿಗುಡಿಯ ಈ ಮೆಟ್ಟಿಲು ಕಡಿದು. ಮುಂದೆ ಹತ್ತುತ್ತಿರುವ ಮೇಷ್ಟ್ರು ಅರ್ಧದಲ್ಲಿ ನಿಂತು ಗೋಡೆಯ ಮೇಲಿನ ಟ್ಯೂಷನ್ ಜಾಹೀರಾತು ಓದತೊಡಗುತ್ತಾರೆ. ಆಸಕ್ತಿಯೇನಲ್ಲ, ಉಸಿರು ಸಾಲುತ್ತಿಲ್ಲ. ಹಿಂದಿರುವ ಅವರ ಹೆಂಡತಿಗೆ ಅದು ಗೊತ್ತು. ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಅವರೂ ನಿಲ್ಲುತ್ತಾರೆ. ನೀವೂ ನಿಲ್ಲಿ.

ಮೇಲೆ ಒಂದೇ ಕೋಣೆ. ಎರಡು ಮೇಜು, ಆಗಾಗ ಕಾಗದ ಕಚ್ಚಿಕೊಳ್ಳುವ ಪ್ರಿಂಟರ್, ವಿಮಾ ಕಂಪನಿಗಳು ಕೊಟ್ಟ ಕ್ಯಾಲೆಂಡರುಗಳು. ಏಜೆಂಟ್ ನಲವತ್ತರ ಆಸುಪಾಸಿನ ಹೆಂಗಸು, ಹೈಸ್ಕೂಲಿನಲ್ಲಿ ಇದೇ ಮೇಷ್ಟ್ರ ಹತ್ತಿರ ಗಣಿತ ಕಲಿತವರು. ಎದ್ದು ಕುರ್ಚಿ ಎಳೆದುಕೊಡುತ್ತಾರೆ.

"ಮಗಳಿಗೆ ಎಷ್ಟು ತಿಂಗಳಮ್ಮ?"

"ಎಂಟಕ್ಕೆ ಬಿತ್ತು."

ಮಗಳಿರುವುದು ಡಲ್ಲಾಸ್‌ನಲ್ಲಿ. ಚೊಚ್ಚಲ ಹೆರಿಗೆ. ಬಾಣಂತನ ಮುಗಿಸಿ ಬರಲು ಐದು ತಿಂಗಳು ಎಂದು ಲೆಕ್ಕ. ವೀಸಾ ಕೈಗೆ ಬಂದಿದೆ, ಟಿಕೆಟ್ ಅಳಿಯ ತೆಗೆದಿದ್ದಾನೆ, ಉಳಿದದ್ದು ಈ ವಿಮೆಯೊಂದೇ.

ಪಕ್ಕದ ಮೇಜಿನಲ್ಲಿ ಯುರೋಪಿಗೆ ಹೊರಟ ಹೊಸ ಜೋಡಿಯೊಂದರ ಕೆಲಸ ಚಹಾ ಆರುವುದರೊಳಗೆ ಮುಗಿಯುತ್ತದೆ. ಷೆಂಗೆನ್ ವೀಸಾಕ್ಕೆ ವಿಮೆ ಕಡ್ಡಾಯ, ವೈದ್ಯಕೀಯ ರಕ್ಷಣೆ ಕನಿಷ್ಠ 30,000 ಯೂರೋ ಇರಬೇಕು. ಅಷ್ಟು ಬರೆದಿರುವ ಅತಿ ಅಗ್ಗದ ಪಾಲಿಸಿ ಯಾವುದೋ ಅದನ್ನು ಕೊಂಡು ಇಬ್ಬರೂ ಎದ್ದರು. ಕಾನೂನು ಕನಿಷ್ಠ ಎಂದದ್ದನ್ನು ನಮ್ಮವರು ಇಷ್ಟೇ ಸಾಕು ಎಂದು ಓದಿಕೊಳ್ಳುತ್ತಾರೆ. ಅಮೆರಿಕದ ಪ್ರವಾಸಿ ವೀಸಾಕ್ಕೆ ಅಂಥ ಕಡ್ಡಾಯವೇ ಇಲ್ಲ. ಮೇಷ್ಟ್ರ ವಾದ ಶುರುವಾಗುವುದೇ ಅಲ್ಲಿಂದ.

"ನೋಡಮ್ಮ, ಮೊನ್ನೆ ಬೆಂಗಳೂರಿಗೆ ರೈಲು ಬುಕ್ ಮಾಡ್ದೆ. 45 ಪೈಸೆ. ಹತ್ತು ಲಕ್ಷ ಇನ್ಶೂರೆನ್ಸು! ನಿಂದು ಯಾಕೆ ಇಷ್ಟು?"

"ಸರ್, ಅದು ರೈಲು ಅಪಘಾತಕ್ಕೆ ಮಾತ್ರ. ರೈಲಲ್ಲಿ ಕೂತಿದ್ದಾಗ ಎದೆನೋವು ಬಂದ್ರೆ ಒಂದು ರೂಪಾಯಿ ಬರಲ್ಲ."

ಎದೆನೋವು ಎಂಬ ಮಾತಿಗೆ ಹೆಂಡತಿ ಗಂಡನ ಕಡೆ ನೋಡುತ್ತಾರೆ. ಗಂಡ ಕ್ಯಾಲೆಂಡರ್ ನೋಡುತ್ತಾರೆ.

ಮೇಜಿನ ಮೇಲೆ ಮೂರು ಕಾಗದ ಬಂದು ಬೀಳುತ್ತವೆ. ಮೊದಲನೆಯದು ಅಗ್ಗದ್ದು, ದಪ್ಪ ಅಕ್ಷರದಲ್ಲಿ ಒಂದು ಲಕ್ಷ ಡಾಲರ್ ಎಂದಿದೆ. ಮೇಷ್ಟ್ರ ಬೆರಳು ಅಲ್ಲೇ ನಿಂತಿತು. ಏಜೆಂಟ್ ಹಾಳೆ ತಿರುವಿ ಕೆಳಗಿನ ಸಣ್ಣ ಕೋಷ್ಟಕದತ್ತ ಪೆನ್ನು ತೋರಿಸುತ್ತಾರೆ: ವಾರ್ಡಿಗೆ ದಿನಕ್ಕಿಷ್ಟು, ಐಸಿಯುಗೆ ಇಷ್ಟು, ಶಸ್ತ್ರಚಿಕಿತ್ಸೆಗೆ ಇಷ್ಟು, ಅರಿವಳಿಕೆ ಡಾಕ್ಟರಿಗೆ ಇಷ್ಟು. ಅರವತ್ತು ದಾಟಿದವರಿಗೆ ಮಾರುವ ಅನೇಕ ಪಾಲಿಸಿಗಳಲ್ಲಿ ಈ ಒಳಮಿತಿಗಳು ಇರುತ್ತವೆ.

"ಒಂದು ಲೆಕ್ಕ ಸರ್. ಐಸಿಯುಗೆ ದಿನಕ್ಕೆ 2,000 ಡಾಲರ್ ಮಿತಿ. ಆಸ್ಪತ್ರೆ ದಿನಕ್ಕೆ 10,000 ಹಾಕಿದೆ ಅಂತಿಟ್ಕೊಳ್ಳಿ. ನಾಲ್ಕು ದಿನ."

ಮೇಷ್ಟ್ರು ತಕ್ಷಣ ನೆಟ್ಟಗೆ ಕೂರುತ್ತಾರೆ. ಜೇಬಿನಿಂದ ಪೆನ್ನು ಬಂತು. ಟಿಕೆಟ್ ಪ್ರತಿಯ ಬೆನ್ನ ಮೇಲೆ ಗುಣಾಕಾರ. "ಕಂಪನಿ 8,000. ನಾವು..." ಪೆನ್ನು ನಿಂತಿತು. "32,000?"

"ಡಾಲರ್," ಎನ್ನುತ್ತಾರೆ ಏಜೆಂಟ್.

"ಹಂಗಾದ್ರೆ ಮೇಲೆ ಬರೆದಿರೋ ಒಂದು ಲಕ್ಷ ಎಲ್ಲಿ?"

"ಅದು ಒಟ್ಟು ಮಿತಿ ಸರ್. ಒಳಗೆ ಒಂದೊಂದಕ್ಕೂ ಬೇರೆ ಬೇರೆ ಬಾಗಿಲು."

ಎರಡನೆಯ ಕಾಗದದಲ್ಲಿ ಒಳಮಿತಿ ಇಲ್ಲ. ಬೆಲೆ ಮಾತ್ರ ದುಪ್ಪಟ್ಟಿನ ಹತ್ತಿರ. ಮೊದಲ 100 ಡಾಲರ್ ನಮ್ಮದು, ಅದರ ಮೇಲಿನದು ಕಂಪನಿಯದು. ಮೂರನೆಯದು ಅಳಿಯ ವಾಟ್ಸಾಪಿನಲ್ಲಿ ಕಳಿಸಿದ ಅಮೆರಿಕನ್ ಕಂಪನಿಯದು. ಹಳೆಯ ಕಾಯಿಲೆ ಹಠಾತ್ತನೆ, ಮುನ್ಸೂಚನೆಯಿಲ್ಲದೆ ಕೆರಳಿದರೆ, ಇಪ್ಪತ್ನಾಲ್ಕು ಗಂಟೆಯೊಳಗೆ ಆಸ್ಪತ್ರೆ ಸೇರಿದರೆ ಕೊಡುತ್ತದೆ. ಆದರೆ ಇಂಥ ಬಹಳಷ್ಟು ಪ್ಲಾನುಗಳಲ್ಲಿ 70 ದಾಟಿತೆಂದರೆ ಆ ಸೌಲಭ್ಯ ಕುಗ್ಗುತ್ತದೆ, ಇಲ್ಲವೇ ಇರುವುದೇ ಇಲ್ಲ.

"ನನಗಿನ್ನೂ 70 ಆಗಿಲ್ವಲ್ಲ," ಎನ್ನುತ್ತಾರೆ ಮೇಷ್ಟ್ರು.

"ಪಾಸ್‌ಪೋರ್ಟಲ್ಲಿ ಆಗಿದೆ ಸರ್. ಜೂನ್ ಒಂದನೇ ತಾರೀಕು."

"ಅದು ಹೆಡ್‌ಮಾಸ್ಟರು ಹಾಕಿದ ತಾರೀಕು! ಶಾಲೆಗೆ ಸೇರಿಸ್ಕೊಳ್ಳೋಕೆ ಒಂದು ವರ್ಷ ಜಾಸ್ತಿ ಬರೆದಿದ್ರು. ಅದಕ್ಕೂ ನಾನೇ ದುಡ್ಡು ಕಟ್ಬೇಕಾ?"

ಕಟ್ಟಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಪಾಸ್‌ಪೋರ್ಟಿಗೆ, ಅಲ್ಲಿಂದ ಪ್ರೀಮಿಯಂ ಪಟ್ಟಿಗೆ ಆ ತಾರೀಕು ಇಳಿದುಬಂದಿದೆ. ಮೂರನೆಯ ಕಾಗದ ಬದಿಗೆ ಸರಿಯಿತು. ಅಗ್ಗದ್ದೋ ದುಬಾರಿಯದೋ ಎಂಬುದಷ್ಟೇ ಈಗ ಉಳಿದಿರುವ ಪ್ರಶ್ನೆ ಎಂದು ನಿಮಗನ್ನಿಸಬಹುದು. ಅಲ್ಲ. ಏಜೆಂಟ್ ಈಗ ಅರ್ಜಿ ನಮೂನೆ ತೆರೆದಿದ್ದಾರೆ.

"ಬಿಪಿ, ಶುಗರ್, ಹಾರ್ಟು, ಹಿಂದೆ ಆಪರೇಷನ್ ಏನಾದ್ರೂ?"

"ಇಲ್ಲ ಅಂತ ಬರ್ಕೊ."

ಫ್ಯಾನಿನ ಸದ್ದು ಕೇಳಿಸುತ್ತದೆ. ಹೆಂಡತಿ ಮಾತಾಡುವುದಿಲ್ಲ. ವ್ಯಾನಿಟಿ ಬ್ಯಾಗಿನ ಜಿಪ್ಪು ತೆಗೆದು, ವಾರದ ಏಳು ಖಾನೆಗಳ ಮಾತ್ರೆ ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಹನ್ನೊಂದು ಗಂಟೆ ಆಯ್ತು, ನೀರು ಕೊಡ್ತೀಯೇನಮ್ಮ?" ಎನ್ನುತ್ತಾರೆ.

ಏಜೆಂಟ್ ನೀರು ತಂದು ಕೊಡುತ್ತಾರೆ. ಮೇಷ್ಟ್ರು ಮಾತ್ರೆ ನುಂಗುತ್ತಾರೆ. ಶಿಷ್ಯೆಯ ಮುಖ ನೋಡದೆ, "ಸ್ಟೆಂಟ್ ಹಾಕಿದ್ದು ಹೌದು. ಆದ್ರೆ ಅದು ರಿಪೇರಿ ಆಗೋಯ್ತಲ್ಲ. ರಿಪೇರಿ ಆದ್ಮೇಲೆ ಕಾಯಿಲೆ ಎಲ್ಲಿ?" ಅನ್ನುತ್ತಾರೆ. ತರ್ಕ ಚೆನ್ನಾಗಿದೆ ಎಂದು ನಾನಂತೂ ಒಪ್ಪುತ್ತೇನೆ.

"ಸರ್, ಅಲ್ಲಿ ಎದೆನೋವು ಬಂತು ಅನ್ಕೊಳ್ಳಿ..."

"ಬಿಡ್ತು ಅನ್ನು," ಎನ್ನುತ್ತಾರೆ ಹೆಂಡತಿ.

"ಬಿಡ್ತು. ಎಮರ್ಜೆನ್ಸಿಗೆ ಹೋದ್ರೆ ನೋಡೇ ನೋಡ್ತಾರೆ. 1986ರಿಂದ ಅಲ್ಲಿ ಹಾಗೊಂದು ಕಾನೂನಿದೆ, ದುಡ್ಡಿಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ. ಬಿಲ್ಲು ಆಮೇಲೆ ಬರತ್ತೆ. ಆದ್ರೆ ಡಾಕ್ಟರು ಮೊದಲು ಕೇಳೋದೇನು? ಹಿಂದೆ ಹಾರ್ಟಿಗೆ ಏನಾದ್ರೂ ಮಾಡಿಸಿದೀರಾ ಅಂತ. ನೀವು ಸುಳ್ಳು ಹೇಳ್ತೀರಾ?"

"ಡಾಕ್ಟ್ರಿಗೆ ಯಾರಾದ್ರೂ ಸುಳ್ಳು ಹೇಳ್ತಾರಾ?"

"ಅದನ್ನ ಅವರು ಬರ್ಕೋತಾರೆ. ಆ ಹಾಳೇನೇ ಕಂಪನಿಗೆ ಹೋಗೋದು. ಒಂದು ಕಡೆ ನಿಮ್ಮ ಸಹಿ, ಇಲ್ಲ ಅಂತ. ಇನ್ನೊಂದು ಕಡೆ ನಿಮ್ಮದೇ ಮಾತು, ಇದೆ ಅಂತ. ಕ್ಲೇಮು ಅಲ್ಲಿಗೇ ಮುಗೀತು."

ಹಾಗೆ ತಿರಸ್ಕೃತವಾದದ್ದನ್ನು ಪ್ರಶ್ನಿಸಲು ಬೆಂಗಳೂರಿನ ಜೆ.ಪಿ. ನಗರದಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ, ಶುಲ್ಕವೂ ಇಲ್ಲ. ಆದರೆ ತನ್ನ ಸಹಿಗೂ ತನ್ನ ಮಾತಿಗೂ ತಾಳೆಯಾಗದವನು ಅಲ್ಲಿಗೆ ಹೋಗಿ ಯಾರ ಮೇಲೆ ದೂರು ಕೊಡುವುದು?

"ಬರಿ," ಎಂದರು ಮೇಷ್ಟ್ರು. ಆಮೇಲೆ ಅವರದು ಪಾಠ ಹೇಳುವ ದನಿ: ಸ್ಟೆಂಟ್ ಯಾವ ವರ್ಷ, ಎಷ್ಟು, ಬಿಪಿಗೆ ಯಾವ ಮಾತ್ರೆ, ಶುಗರ್ ಎಂದಿನಿಂದ. ಇಷ್ಟು ಬರೆದ ಮಾತ್ರಕ್ಕೆ ಹೃದಯದ ಎಲ್ಲ ಖರ್ಚೂ ಬರುತ್ತದೆಂದಲ್ಲ. ಎರಡನೆಯ ಪಾಲಿಸಿ ಕೊಡುವುದು ಪ್ರಾಣಾಪಾಯದ ತುರ್ತಿಗೆ, ಸ್ಥಿತಿ ಸ್ತಿಮಿತಕ್ಕೆ ಬರುವ ತನಕ, ಅದೂ ಒಂದು ಮಿತಿಯವರೆಗೆ. ರೂಢಿಯ ತಪಾಸಣೆ, ಮಾತ್ರೆ, ಹಲ್ಲಿನ ಕ್ಯಾಪು ಯಾವುದೂ ಇಲ್ಲ. ಐದು ತಿಂಗಳ ಮಾತ್ರೆ ಇಲ್ಲಿಂದಲೇ, ಡಾಕ್ಟರ ಚೀಟಿಯೊಂದಿಗೆ ಹೋಗಬೇಕು. ಹೆಂಡತಿ ಇದನ್ನೆಲ್ಲ ಹಾಲಿನ ಲೆಕ್ಕದ ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾರೆ.

ಸೌಲಭ್ಯಗಳ ಪಟ್ಟಿ ಓದುತ್ತ ಏಜೆಂಟ್ ಒಂದು ಸಾಲು ಹಾರಿಸುತ್ತಾರೆ.

"ಅದೇನಮ್ಮ ಬಿಟ್ಟೆ?"

"ಏನಿಲ್ಲಮ್ಮ. ಪಾರ್ಥಿವ ಶರೀರ ತರಿಸೋ ಖರ್ಚು."

"ಎಷ್ಟು ಕೊಡ್ತಾರೆ, ಅದನ್ನೂ ಓದು," ಎನ್ನುತ್ತಾರೆ ಹೆಂಡತಿ. ದನಿಯಲ್ಲಿ ನಡುಕವಿಲ್ಲ. ಸಂಖ್ಯೆ ಪುಸ್ತಕ ಸೇರುತ್ತದೆ.

ಹಣ ಕಟ್ಟುವ ಹೊತ್ತು. ಮೇಷ್ಟ್ರಿಗೆ ಕೊನೆಯ ಆಸೆ. "ನಿನ್ನ ಕಮಿಷನ್ನಲ್ಲಿ ಸ್ವಲ್ಪ ಬಿಡಮ್ಮ, ಗುರುದಕ್ಷಿಣೆ ಅಂತ." ಏಜೆಂಟ್ ನಮೂನೆಯ ಕೊನೆಯ ಪ್ಯಾರಾ ತೋರಿಸುತ್ತಾರೆ: 1938ರ ವಿಮಾ ಕಾಯ್ದೆ, 41ನೇ ಸೆಕ್ಷನ್. ರಿಯಾಯಿತಿ ಕೊಡುವುದೂ ತಪ್ಪು, ಪಡೆಯುವುದೂ ತಪ್ಪು, ದಂಡ ಹತ್ತು ಲಕ್ಷದವರೆಗೆ.

"ದಂಡ ನೀವು ಕಟ್ತೀರಾ ಸರ್?"

ಮೇಷ್ಟ್ರು ನಗುತ್ತ ಫೋನು ತೆಗೆಯುತ್ತಾರೆ. ವಾಪಸಾಗುವ ತಾರೀಕಿಗೆ ಏಜೆಂಟ್ ಇನ್ನೊಂದು ವಾರ ಸೇರಿಸಿದ್ದಾರೆ, ವಿಮಾನ ತಪ್ಪಿದರೂ ಇರಲಿ ಎಂದು. ಹೆಸರಿನ ಇನಿಷಿಯಲ್ ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಹಾಗೆಯೇ ಇದೆಯೇ ಎಂದು ಎರಡು ಸಲ ನೋಡುತ್ತಾರೆ. ಪ್ರಿಂಟರ್ ಈ ಸಲ ಕಾಗದ ಕಚ್ಚಲಿಲ್ಲ.

"ಒಂದು ಕೇಳ್ತೀನಿ," ಎನ್ನುತ್ತಾರೆ ಹೆಂಡತಿ. "ಅಂಟಿನುಂಡೆ, ಮೆಂತ್ಯದ ಹಿಟ್ಟು, ಲೇಹ್ಯ ಎಲ್ಲ ತಗೊಂಡು ಹೋಗ್ತಿದೀನಿ. ಅಲ್ಲಿ ಕಸ್ಟಮ್ಸ್‌ನೋರು ಕಿತ್ಕೊಂಡ್ರೆ ಇದರಲ್ಲಿ ಬರತ್ತಾ?"

"ಬರಲ್ಲಮ್ಮ. ಸರ್ಕಾರದೋರು ಮುಟ್ಟುಗೋಲು ಹಾಕ್ಕೊಂಡಿದ್ದಕ್ಕೆ ಕಂಪನಿ ಕೊಡಲ್ಲ. ಏನೇನಿದೆ ಅಂತ ನೀವೇ ಮೊದಲು ಹೇಳ್ಬಿಡಿ."

"ಹಂಗಾದ್ರೆ ಉಂಡೆ ನನ್ನ ಕೈಚೀಲದಲ್ಲೇ ಇರ್ಲಿ. ಈ ಕಾಗದ ಸೂಟ್‌ಕೇಸಿಗೆ ಹಾಕ್ತೀನಿ."

"ಅಯ್ಯೋ ಬೇಡಮ್ಮ!" ಏಜೆಂಟ್ ಪಾಲಿಸಿಯನ್ನು ಅವರ ಕೈಯಿಂದ ಹಿಂದಕ್ಕೆ ತೆಗೆದುಕೊಂಡು, ಸಹಾಯವಾಣಿ ಸಂಖ್ಯೆಯ ಸುತ್ತ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ನಾಲ್ಕು ಮಡಿಕೆ ಮಾಡಿ, ವ್ಯಾನಿಟಿ ಬ್ಯಾಗಿನೊಳಗೆ ಮಾತ್ರೆ ಡಬ್ಬಿಯ ಪಕ್ಕಕ್ಕೆ ತಾವೇ ತೂರಿಸುತ್ತಾರೆ.