ಜ್ವರ ಉಂಟಾ, ಬಿಟ್ಟಿತಾ?

ಮಂಗಳೂರಿನ ಒಂದು ಕೋಚಿಂಗ್ ಕ್ಲಾಸ್, ಸಂಜೆ ಆರು ಗಂಟೆ. ಡ್ಯೂಟಿ ಮುಗಿಸಿ ನೇರ ಇಲ್ಲಿಗೇ ಬಂದ ನರ್ಸ್‌ಗಳು ಬೆಂಚು ತುಂಬಿದ್ದಾರೆ. ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಕೆಲಸಕ್ಕೆ ಸೇರಲು ಇವರೆಲ್ಲ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯುವವರು. ರೋಗಿಯ ಕೇಸ್ ನೋಟ್ಸ್ ಓದಲು 5 ನಿಮಿಷ, ಅದರಿಂದ ಪತ್ರ ಬರೆಯಲು 40 ನಿಮಿಷ. ಇವತ್ತು ಅದರ ಅಭ್ಯಾಸ.

ಮೇಡಂ ಬೋರ್ಡಿನ ಮೇಲೆ ಕನ್ನಡದಲ್ಲೇ ಬರೆಯುತ್ತಾರೆ: ‘ಮೂರು ದಿನದಿಂದ ಜ್ವರ ಉಂಟು.’

‘ಇಂಗ್ಲಿಷಲ್ಲಿ ಹೇಳಿ ನೋಡುವ.’

‘ಹೀ ಈಸ್ ಹ್ಯಾವಿಂಗ್ ಫೀವರ್ ಸಿನ್ಸ್ ತ್ರೀ ಡೇಸ್, ಮೇಡಂ.’

ನಾವು ದಿನವೂ ಆಡುವ ವಾಕ್ಯವೇ ಇದು. ‘ಮೂರು ದಿನದಿಂದ’, ‘ಸೋಮವಾರದಿಂದ’ ಎರಡಕ್ಕೂ ನಮ್ಮಲ್ಲಿ ಒಂದೇ ಪ್ರತ್ಯಯ. ಇಂಗ್ಲಿಷಿನಲ್ಲಿ ಶುರುವಾದ ದಿನ ಹೇಳಿದರೆ ‘ಸಿನ್ಸ್’, ಅವಧಿ ಹೇಳಿದರೆ ‘ಫಾರ್’. ಮೇಡಂ ತಿದ್ದಿ ಬರೆಯುತ್ತಾರೆ: ‘ಹೀ ಹ್ಯಾಸ್ ಹ್ಯಾಡ್ ಅ ಫೀವರ್ ಫಾರ್ ತ್ರೀ ಡೇಸ್.’ ಆಮೇಲೆ ಬೆರಳಿನಿಂದ ‘ಹ್ಯಾಸ್’ ಒಂದನ್ನೇ ಒರೆಸುತ್ತಾರೆ.

‘ಈಗ ಜ್ವರ ಉಂಟಾ?’

ಮುಂದಿನ ಬೆಂಚಿನ ಹುಡುಗಿ ಬೋರ್ಡನ್ನೇ ದಿಟ್ಟಿಸುತ್ತಾಳೆ. ‘ಇಲ್ಲ ಮೇಡಂ. ಮೂರು ದಿನ ಇತ್ತು, ಬಿಟ್ಟಿತು.’

‘ಫಾರ್ ಅಲ್ಲೇ ಉಂಟು, ತ್ರೀ ಡೇಸೂ ಅಲ್ಲೇ ಉಂಟು. ಕ್ರಿಯಾಪದ ಬದಲಾಯಿತು, ಜ್ವರ ಹೋಯಿತು.’

ಮುಂದಿನ ಸಾಲು ಮಾತ್ರೆಯದು. ಯಾರೋ ‘ಹ್ಯಾಸ್ ಟೇಕನ್ ಪ್ಯಾರಾಸಿಟಮಾಲ್ ಟೂ ಅವರ್ಸ್ ಅಗೋ’ ಅನ್ನುತ್ತಾರೆ. ‘ಅಗೋ’ ಬಂದರೆ ಹೊತ್ತು ಗೊತ್ತಾಯಿತು. ಆಗ ‘ಟುಕ್’ ಅಂದರೇ ಸರಿ. ಹೊತ್ತು ಹೇಳದೆ, ಮಾತ್ರೆ ಆಗಲೇ ಆಗಿದೆ ಅನ್ನುವುದಷ್ಟೇ ಮುಖ್ಯವಾದರೆ ‘ಹ್ಯಾಸ್ ಆಲ್ರೆಡಿ ಟೇಕನ್’.

ಕೊನೆಗೆ ‘ಬಿಫೋರ್’. ರೋಗಿ ದಾಖಲಾದದ್ದು ಕಳೆದ ಶುಕ್ರವಾರ. ಬಿದ್ದದ್ದು ಅದಕ್ಕೂ ಎರಡು ದಿನ ಮೊದಲು. ‘ಟೂ ಡೇಸ್ ಅಗೋ’ ಎಂದು ಬರೆದರೆ ಲೆಕ್ಕ ಇವತ್ತಿನಿಂದ ಹಿಂದಕ್ಕೆ ಹೋಗುತ್ತದೆ, ಬಿದ್ದ ದಿನವೇ ತಪ್ಪುತ್ತದೆ. ಶುಕ್ರವಾರದಿಂದ ಹಿಂದಕ್ಕೆ ಎಣಿಸಬೇಕು: ‘ಹೀ ಹ್ಯಾಡ್ ಫಾಲನ್ ಟೂ ಡೇಸ್ ಬಿಫೋರ್.’

‘ಪತ್ರ ಓದುವ ಡಾಕ್ಟರ್ ನಿಮ್ಮ ರೋಗಿಯನ್ನು ನೋಡಿರುವುದಿಲ್ಲ. ನೀವು ಬರೆದದ್ದೇ ಅವರಿಗೆ ಗೊತ್ತಿರುವುದು,’ ಎನ್ನುತ್ತಾರೆ ಮೇಡಂ.

ಈ ವ್ಯಾಕರಣ ಬರೀ ಮಾರ್ಕಿಗಲ್ಲ. ಎಲ್ಲರೂ ಪೆನ್ಸಿಲ್ ಹಿಡಿದು ಕೇಸ್ ನೋಟ್ಸಿನಲ್ಲಿ ಕಾಲ ಹೇಳುವ ಪದಗಳಿಗೆಲ್ಲ ಸುತ್ತು ಹಾಕುತ್ತಾರೆ. ಪ್ರತಿಯೊಂದಕ್ಕೂ ಎರಡೇ ಪ್ರಶ್ನೆ: ಇದು ಈಗಲೂ ಇದೆಯೇ? ಎಣಿಕೆ ಎಲ್ಲಿಂದ? ಉತ್ತರ ಸಿಕ್ಕ ಮೇಲೆಯೇ ಕ್ರಿಯಾಪದ ಬರೆಯುವುದು.